ಮಾತು ಬಾರದವರ ದಾಳ

ಕಳೆದ ಮಳೆಗಾಲದ ಒಂದು ಶನಿವಾರ (ಇಲ್ಲಿ ಮಳೆಗಾಲವೆಂದರೆ ಡಿಸೆಂಬರ್, ಜನವರಿ) ಸನಿವೇಲ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ವಾಲಿ ಬಾಣದ ಏಟು ತಿಂದು ಬಿದ್ದಿದ್ದ. ವಾಲಿಯ ಪಾತ್ರ ನನ್ನ ಮಗಳದು. ಅವಳಿಗೆ ಹದಿನಾಲ್ಕು ವರ್ಷ. ಮೇಜಿನ ಸುತ್ತ ಇನ್ನೂ ಮೂವರು ಮಕ್ಕಳು, ವಾರಾಂತ್ಯದ ಕನ್ನಡ ತರಗತಿಯಲ್ಲಿ ಅವಳ ಜೊತೆ ಕಲಿತವರು. ಆಟ ನಡೆಸುವವನು ನಾನು. ಆ ಹೊತ್ತಿಗೆ ರಾಮನೂ ನಾನೇ. "ವಾಲಿ ರಾಮನ್ನ ಕೇಳ್ತಾನೆ, ಯಾಕೆ ಹೀಗ್ ಮಾಡ್ದೆ ಅಂತ" ಎಂದು ಹೇಳಿ ಅವಳು ಇಪ್ಪತ್ತು ಮುಖದ ದಾಳವನ್ನು ಕೈಗೆತ್ತಿಕೊಂಡಳು. ನಾನು ಅಡ್ಡ ಬಂದೆ. "ದಾಳ ಬೇಡ. ಇದು ವಾಲಿ ಆಡುವ ಮಾತು. ನೀನೇ ಕೇಳು. ಕನ್ನಡದಲ್ಲಿ ಕೇಳು."

ಅವಳು ದಾಳವನ್ನು ಕೆಳಗಿಟ್ಟಳು. ಏನೂ ಕೇಳಲಿಲ್ಲ. ಉಳಿದ ಮೂವರು ಚಕ್ಕುಲಿ ಬಟ್ಟಲನ್ನು ನೋಡುತ್ತ ಕೂತರು. ಸ್ವಲ್ಪ ಹೊತ್ತು ಕಾದು, ವಾಲಿಯ ಪ್ರಶ್ನೆಯನ್ನೂ ನಾನೇ ಕೇಳಿ, ರಾಮನ ಉತ್ತರವನ್ನೂ ನಾನೇ ಹೇಳಿ, ಆ ಸನ್ನಿವೇಶವನ್ನು ಮುಗಿಸಿದೆ. ಚೆನ್ನಾಗಿಯೇ ಹೇಳಿದೆ. ತೊಂದರೆ ಇರುವುದೇ ಅಲ್ಲಿ.

ಈ ಬರಹ ಒಂದು ಸಣ್ಣ ನಿಯಮದ ಬಗ್ಗೆ. ಪಾತ್ರ ವಹಿಸಿ ಆಡುವ ಮೇಜಿನಾಟಗಳಲ್ಲಿ, ಅಂದರೆ ಇಲ್ಲಿಯವರು ಚಿಕ್ಕದಾಗಿ ಆರ್‌ಪಿಜಿ ಎನ್ನುವ ಆಟಗಳಲ್ಲಿ, ಒಂದು ಪಾತ್ರ ಇನ್ನೊಂದು ಪಾತ್ರವನ್ನು ಮಾತಿನಿಂದ ಒಪ್ಪಿಸಬೇಕಾಗಿ ಬಂದಾಗ ದಾಳ ಉರುಳಿಸಬೇಕೆ, ಅಥವಾ ಆಟಗಾರ ಆ ಮಾತನ್ನೇ ಆಡಿ ತೋರಿಸಬೇಕೆ? ಆಡುವವರ ನಡುವೆ ಇದು ಬಹಳ ಹಳೆಯ ಜಗಳ. ನಾನು ಇಪ್ಪತ್ತು ವರ್ಷ ಒಂದೇ ಪಕ್ಷದಲ್ಲಿ ಗಟ್ಟಿಯಾಗಿ ನಿಂತಿದ್ದವನು. ಈಗ ಆ ಪಕ್ಷ ಬಿಟ್ಟಿದ್ದೇನೆ. ಬಿಟ್ಟದ್ದೇಕೆಂದು ಬರೆಯಬೇಕು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಆ ಪಾತ್ರದ ಬಲ, ಬುದ್ಧಿ, ಕೌಶಲಗಳನ್ನು ಒಂದು ಹಾಳೆಯಲ್ಲಿ ಅಂಕಿಗಳಾಗಿ ಬರೆದಿರುತ್ತದೆ. ಒಬ್ಬ ಮಾತ್ರ ಪಾತ್ರ ಇಟ್ಟುಕೊಳ್ಳದೆ ಆಟ ನಡೆಸುತ್ತಾನೆ: ಊರು, ಕಾಡು, ಶತ್ರು, ಮಳೆ ಎಲ್ಲವೂ ಅವನದು. "ನೀವು ಹೊಳೆ ದಾಟುವ ಹೊತ್ತಿಗೆ ಕತ್ತಲಾಯಿತು, ಏನು ಮಾಡುತ್ತೀರಿ?" ಎಂದು ಅವನು ಕೇಳುತ್ತಾನೆ. ಆಟಗಾರರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳಾಗಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರ ಮೂಲ.

ನಾನು ಪುತ್ತೂರು ಕಡೆಯವನು. ಈ ವಿವರಣೆಯನ್ನು ಮೊದಲ ಸಲ ಕೇಳಿದಾಗ ನನಗೆ ಹೊಸದೇನೂ ಕಾಣಲಿಲ್ಲ. ಇದು ತಾಳಮದ್ದಳೆಯಲ್ಲವೆ? ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದ ನಾಲ್ಕು ಜನ ಎದುರುಬದುರು ಕೂತು, ಬರೆದಿಟ್ಟ ಸಂಭಾಷಣೆಯಿಲ್ಲದೆ, ಒಬ್ಬ ಕೃಷ್ಣನಾಗಿ ಒಬ್ಬ ಕೌರವನಾಗಿ ಬೆಳಗಿನವರೆಗೆ ಮಾತಾಡುತ್ತಾರೆ. ನಡುವೆ ಭಾಗವತರು. ಪ್ರಸಂಗದ ಪದ್ಯ ಹಾಡಿ ಕತೆಯನ್ನು ಮುಂದಕ್ಕೊಯ್ಯುವವರು, ಯಾರು ಯಾವಾಗ ಮಾತಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಯಾರ ಕೈಯಲ್ಲಿದೆಯೋ ಅವರು. ಆಟ ನಡೆಸುವವನು ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಭಾಗವತರೇ. ಅಂದಹಾಗೆ ತಾಳಮದ್ದಳೆಯ ಬೈಠಕ್ಕಿಗೆ ನಮ್ಮ ಕಡೆ 'ಕೂಟ' ಎನ್ನುತ್ತೇವೆ. ಅಮೆರಿಕಕ್ಕೆ ಬಂದ ಹೊಸತರಲ್ಲಿ ಇಲ್ಲಿ ಕನ್ನಡ ಕೂಟವಿದೆ ಎಂದು ಯಾರೋ ಹೇಳಿದಾಗ, ಯಾವ ಪ್ರಸಂಗ ಎಂದು ಕೇಳಿ ನಗೆಗೀಡಾಗಿದ್ದೆ.

ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ಟುಗಳನ್ನು ಕೇಳುತ್ತ ಬೆಳೆದ ಹುಡುಗನಿಗೆ, ಮಾತಿನ ಗೆಲುವನ್ನು ದಾಳಕ್ಕೆ ಒಪ್ಪಿಸುವುದು ಅವಮಾನದಂತೆ ಕಾಣುವುದು ಸಹಜ. ವಾದ ಮಾಡಲು ಬಾಯಿ ಇದೆಯಲ್ಲ! ಮೇಜಿನ ಮೇಲೆ ನಿಜವಾಗಿ ಕತ್ತಿ ಬೀಸುವ ಹಾಗಿಲ್ಲ, ಆದ್ದರಿಂದ ಕಾಳಗಕ್ಕೆ ದಾಳ ಬೇಕು. ಮಾತನ್ನು ನಿಜವಾಗಿಯೇ ಆಡಬಹುದು, ಆದ್ದರಿಂದ ಮಾತಿಗೆ ದಾಳ ಬೇಡ. ನಮ್ಮ ಪಕ್ಷದವರ ಮುಖ್ಯ ವಾದ ಇದು. ಕೇಳಲು ಬಹಳ ನ್ಯಾಯವಾಗಿದೆ.

ಈ ವಾದಕ್ಕೆ ಬಲ ಕೊಡುವ ಕೆಟ್ಟ ನಿಯಮಗಳೂ ಇದ್ದವು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಮೂರನೆಯ ಆವೃತ್ತಿ 2000ದಲ್ಲಿ ಬಂತು, ಅದರ ತಿದ್ದುಪಡಿ 2003ರಲ್ಲಿ. ಅದರಲ್ಲಿ ಡಿಪ್ಲೊಮಸಿ ಎಂಬ ಕೌಶಲ, ಅದಕ್ಕೊಂದು ಕೋಷ್ಟಕ. ನಿಮ್ಮ ಮೇಲೆ ಹಗೆ ಇರುವವನನ್ನು ತಟಸ್ಥನನ್ನಾಗಿ ಮಾಡಲು ಒಟ್ಟು 25 ಬರಬೇಕು, ಸ್ನೇಹಿತನನ್ನಾಗಿಸಲು 35, ಪ್ರಾಣ ಒತ್ತೆಯಿಟ್ಟು ನೆರವಿಗೆ ನಿಲ್ಲುವ ಬಂಟನನ್ನಾಗಿಸಲು 50. ಬೇಕಾದ್ದು ಒಂದು ನಿಮಿಷದ ಮಾತು. ನೀವು ಏನು ಕೇಳುತ್ತಿದ್ದೀರಿ, ಯಾರನ್ನು ಕೇಳುತ್ತಿದ್ದೀರಿ ಎಂಬುದು ಆ ಕೋಷ್ಟಕಕ್ಕೆ ಬೇಕಿಲ್ಲ. ಕೃಷ್ಣಸಂಧಾನವನ್ನು ಈ ನಿಯಮದಲ್ಲಿ ಆಡಿ ನೋಡಿ. ಕೃಷ್ಣನ ಕೌಶಲ 30 ಎಂದಿಟ್ಟುಕೊಳ್ಳಿ, ಕಡಿಮೆಯೇ ಆಯಿತು. ದಾಳದಲ್ಲಿ 20 ಬಿದ್ದರೆ ಕೌರವ ಐದು ಊರನ್ನಲ್ಲ, ಹಸ್ತಿನಾವತಿಯನ್ನೇ ಬಿಟ್ಟುಕೊಟ್ಟು ಪಾಂಡವರ ಬಾಗಿಲು ಕಾಯಬೇಕು. ಕುರುಕ್ಷೇತ್ರವೇ ಇಲ್ಲ. ಛಲ, ಮತ್ಸರ, ದಾಯಾದಿತನ ಯಾವುದಕ್ಕೂ ಅಂಕಿಯಿಲ್ಲದ ನಿಯಮ ಅದು. ಇದನ್ನೇ ಉದಾಹರಣೆಯಾಗಿ ಹಿಡಿದು, ಮಾತಿಗೆ ದಾಳ ಹಾಕುವವರನ್ನು ನಾನು ಎಷ್ಟೋ ವರ್ಷ ಗೇಲಿ ಮಾಡಿದ್ದೇನೆ. ಒಂದು ಕೆಟ್ಟ ನಿಯಮವನ್ನು ತೋರಿಸಿ ಇಡೀ ಜಾತಿಯ ನಿಯಮಗಳನ್ನು ತಳ್ಳಿಹಾಕುವುದು ಸುಲಭ.

ಆದರೆ ಅದಕ್ಕೂ ಮೊದಲು, 1997ರಲ್ಲಿ, ನಾನು ಇನ್ನೊಂದು ಪಕ್ಷದಲ್ಲಿದ್ದೆ. ಅದನ್ನು ಮರೆತಿದ್ದೆ. ಮಗಳು ದಾಳ ಕೆಳಗಿಟ್ಟ ಆ ರಾತ್ರಿ ನೆನಪಾಯಿತು.

ಬಂದು ಒಂದು ವರ್ಷವಾಗಿತ್ತು. ಸ್ಯಾನ್ ಹೋಸೆಯ ಒಂದು ಆಟದ ಅಂಗಡಿಗೆ ಸಹೋದ್ಯೋಗಿಯೊಬ್ಬ ಕರೆದುಕೊಂಡು ಹೋದ. ಹಿಂದಿನ ಕೋಣೆಯಲ್ಲಿ ಶುಕ್ರವಾರ ರಾತ್ರಿ 'ಕಾಲ್ ಆಫ್ ಕ್ತುಲು' ಆಡುತ್ತಿದ್ದರು. 1920ರ ದಶಕದ ಅಮೆರಿಕ, ಸಾಮಾನ್ಯ ಜನ, ಅವರ ಕಲ್ಪನೆಗೆ ಮೀರಿದ ಭೀಕರಗಳು. ನನಗೆ ಸಿಕ್ಕಿದ್ದು ಬಾಸ್ಟನ್ನಿನ ಪತ್ರಿಕೆಯೊಂದರ ವರದಿಗಾರನ ಪಾತ್ರ. ಹಾಳೆಯಲ್ಲಿ ಅವನ ಕೌಶಲಗಳು ಶೇಕಡಾವಾರು ಲೆಕ್ಕದಲ್ಲಿದ್ದವು: ಫಾಸ್ಟ್ ಟಾಕ್, ಅಂದರೆ ಪಟಪಟನೆ ಮಾತಾಡಿ ಎದುರಿನವನನ್ನು ಮರುಳು ಮಾಡುವ ಕಲೆ, 65. ಆಸ್ಪತ್ರೆಯ ಗುಮಾಸ್ತನನ್ನು ಪುಸಲಾಯಿಸಿ ಹಳೆಯ ದಾಖಲೆ ಪುಸ್ತಕ ನೋಡಬೇಕಿತ್ತು. ನನಗೆ ಉಪಾಯ ಹೊಳೆದಿತ್ತು. ಅದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಕಟ್ಟಿ, ಇಂಗ್ಲಿಷಿಗೆ ತಿರುಗಿಸಿ, ಹೇಳಿದೆ. ಆಟ ನಡೆಸುತ್ತಿದ್ದವನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲ ಹೇಳುವಾಗ ಉಪಾಯವೇ ಬಡಕಲಾಗಿತ್ತು. ಪಕ್ಕದವನೊಬ್ಬ ನನ್ನ ಪರವಾಗಿ ಮಾತಾಡಲು ಶುರು ಮಾಡಿದ. ಆಗ ಆಟ ನಡೆಸುವವನು ಅವನನ್ನು ಕೈಯಲ್ಲೇ ತಡೆದು, ಎರಡು ಹತ್ತು ಮುಖದ ದಾಳಗಳನ್ನು ನನ್ನೆಡೆಗೆ ಸರಿಸಿದ. 65 ಅಥವಾ ಅದಕ್ಕಿಂತ ಕಡಿಮೆ ಬೇಕಿತ್ತು. 23 ಬಿತ್ತು. "ನಿನ್ನ ವರದಿಗಾರ ಏನು ಹೇಳಿದನೋ ನನಗೆ ಗೊತ್ತಿಲ್ಲ, ಗುಮಾಸ್ತ ಮಾತ್ರ ಬೀಗದಕೈ ತೆಗೆದುಕೊಂಡು ಎದ್ದ" ಎಂದ. ಎಲ್ಲರೂ ನಕ್ಕರು. ನನ್ನನ್ನು ನೋಡಿ ನಕ್ಕದ್ದಲ್ಲ, ನಾನೂ ಅದರಲ್ಲಿ ಸೇರಿದ್ದೆ. ಆ ವಾರವೆಲ್ಲ ಆಫೀಸಿನ ಮೀಟಿಂಗುಗಳಲ್ಲಿ ಬಾಯಿ ತೆರೆಯದೆ ಕೂತಿದ್ದವನು ಆ ರಾತ್ರಿ ಬಾಸ್ಟನ್ನಿನಲ್ಲಿ ಒಬ್ಬನನ್ನು ಮಾತಿನಲ್ಲಿ ಗೆದ್ದಿದ್ದೆ.

ಇಂಗ್ಲಿಷ್ ಸುಧಾರಿಸಿತು. ಅದರ ಜೊತೆಗೇ ನಾನು ಮಾತಿನ ಪಕ್ಷ ಸೇರಿದೆ. ದಿನಾಂಕ ಹೇಳಲಾರೆ, ಯಾರೂ ಇಂಥ ಪಕ್ಷಾಂತರವನ್ನು ಬರೆದಿಟ್ಟುಕೊಳ್ಳುವುದಿಲ್ಲ.

ಅಂದು ನಾನು ಆಡಿದ ಆಟ ಇದೇ ಬೇ ಏರಿಯಾದ ಬೆಳೆ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಸಿಲಿಕಾನ್ ಕಣಿವೆಯ ಗದ್ದಲದಲ್ಲಿ ಈ ಚರಿತ್ರೆ ನಮ್ಮವರಿಗೆ ಕಾಣುವುದಿಲ್ಲ. ಗ್ರೆಗ್ ಸ್ಟಾಫರ್ಡ್ 1975ರಲ್ಲಿ ಕೇಯಾಸಿಯಂ ಎಂಬ ಪ್ರಕಾಶನ ಕಟ್ಟಿದರು. ಆಲ್ಬನಿ, ಓಕ್ಲೆಂಡ್, ಹೇವರ್ಡ್ ಎಂದು ಅದು ಕೊಲ್ಲಿಯ ಪೂರ್ವ ದಂಡೆಯಲ್ಲೇ ಬಹುಕಾಲ ಮನೆ ಬದಲಿಸುತ್ತ ಇತ್ತು. ಸ್ಟೀವ್ ಪೆರಿನ್ ಮೊದಲಾದವರ 'ರೂನ್‌ಕ್ವೆಸ್ಟ್' 1978ರಲ್ಲಿ, ಸ್ಯಾಂಡಿ ಪೀಟರ್ಸನ್‌ರ 'ಕಾಲ್ ಆಫ್ ಕ್ತುಲು' 1981ರಲ್ಲಿ, ಸ್ಟಾಫರ್ಡ್‌ರದೇ 'ಪೆಂಡ್ರಾಗನ್' 1985ರಲ್ಲಿ ಅಲ್ಲಿಂದ ಬಂದವು. ಪೆರಿನ್ 1966ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಒಂದು ಸಂಘದ ಮೊದಲಿಗರಲ್ಲೊಬ್ಬರು. ಮಧ್ಯಯುಗದ ಉಡುಪು ತೊಟ್ಟು, ಕವಚ ಧರಿಸಿ, ಬೆತ್ತದ ಕತ್ತಿ ಹಿಡಿದು ನಿಜವಾಗಿಯೇ ಹೊಡೆದಾಡುವವರ ಸಂಘ ಅದು. ಅದಕ್ಕೇ 'ರೂನ್‌ಕ್ವೆಸ್ಟ್'ನಲ್ಲಿ ಏಟು ತಲೆಗೆ ಬಿತ್ತೋ ಎಡಗೈಗೆ ಬಿತ್ತೋ, ತಡೆದದ್ದು ಗುರಾಣಿಯೋ ಕತ್ತಿಯೋ ಎಂಬುದಕ್ಕೆಲ್ಲ ಲೆಕ್ಕವಿದೆ. ಏಟು ತಿಂದವರು ಬರೆದ ನಿಯಮ ಅದು. ಮಾತಿನ ಏಟು ತಿಂದವರು ಮಾತಿನ ನಿಯಮ ಬರೆದಿದ್ದರೆ ಹೇಗಿರುತ್ತಿತ್ತು ಎಂದು ನಾನು ಈಗೀಗ ಯೋಚಿಸುತ್ತೇನೆ.

ನಮ್ಮ ತಂದೆ ಶಾಲಾ ಮಾಸ್ತರರು, ಹವ್ಯಾಸಿ ಅರ್ಥಧಾರಿ. ಒಂದು ಚೌತಿಯ ಕೂಟದಲ್ಲಿ ವಾಲಿವಧೆ. ಹೊರಗಿನಿಂದ ಬಂದ ಹೆಸರಾಂತ ಅರ್ಥಧಾರಿಯೊಬ್ಬರು ವಾಲಿ. ರಾಮ ಹೇಳಬೇಕಿದ್ದವರು ಬರಲಾಗದೆ ಅಪ್ಪನನ್ನು ಕೂರಿಸಿದರು. ಪ್ರಸಂಗ ಗೊತ್ತಿದ್ದವರಿಗೆ ಆ ಸನ್ನಿವೇಶದ ಕಷ್ಟ ಗೊತ್ತು: ಮರೆಯಲ್ಲಿ ನಿಂತು ಬಾಣ ಬಿಟ್ಟವನು ರಾಮ, ಆದ್ದರಿಂದ ಪ್ರಶ್ನೆಗಳೆಲ್ಲ ವಾಲಿಯ ಕಡೆಗಿವೆ. ಎದುರಿಗೆ ಬರಲಿಲ್ಲವೇಕೆ? ನನಗೂ ನಿನಗೂ ಏನು ವೈರ? ಅಪ್ಪ ಎರಡು ಉತ್ತರ ಕೊಟ್ಟರು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು, ಭರತನ ಆಳ್ವಿಕೆಯ ಭೂಮಿ ಇದು, ದಂಡಿಸುವ ಹೊಣೆ ನನ್ನದು ಎಂದು. ಸರಿಯಾದ ಉತ್ತರಗಳೇ. ವಾಲಿ ಎರಡನ್ನೂ ಎತ್ತಿ ಬಿಸಾಕಿದ. ಮೂರನೆಯ ಪ್ರಶ್ನೆಗೆ ಅಪ್ಪನ ಬಾಯಿ ಒಣಗಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ಅಷ್ಟರಲ್ಲಿ ಭಾಗವತರು ಮುಂದಿನ ಪದ್ಯ ಎತ್ತಿದರು. ಇನ್ನೂ ಎತ್ತಬೇಕಾದ ಹೊತ್ತಲ್ಲ ಅದು. ವಾಲಿಯ ಅರ್ಥ ಮುಗಿದಿರಲಿಲ್ಲ. ಆದರೆ ಪದ್ಯ ಬಂದ ಮೇಲೆ ಮುಗಿಯಿತು, ವಾಲಿ ಎಷ್ಟು ದೊಡ್ಡ ಮಾತುಗಾರನಾದರೂ ಪದ್ಯಕ್ಕೆ ಬಾಗಲೇಬೇಕು. ಪದ್ಯದಲ್ಲಿ ವಾಲಿ ಒಪ್ಪಿದ್ದ.

ಮನೆಗೆ ಬರುವಾಗ ಟಾರ್ಚು ಹಿಡಿದು ಮುಂದೆ ನಡೆಯುತ್ತಿದ್ದ ಅಪ್ಪ "ಭಾಗವತರು ಉಳಿಸಿದರು ಮಾರಾಯ" ಎಂದಷ್ಟೇ ಹೇಳಿದರು. ಆಮೇಲೆ ಅವರು ರಾಮನನ್ನು ಒಪ್ಪಿಕೊಳ್ಳಲಿಲ್ಲ.

ತಾಳಮದ್ದಳೆ ಎಂದರೆ ಮಾತಿನ ಸ್ವಾತಂತ್ರ್ಯ ಎಂದು ಅಷ್ಟು ವರ್ಷ ಹೇಳುತ್ತ ಬಂದವನು ನಾನು. ಆದರೆ ಆ ಕಲೆಯಲ್ಲಿ ಮಾತಿಗೆ ಮೇಲೆ ಒಂದು ಅಧಿಕಾರವಿದೆ. ಪದ್ಯ ಮೊದಲು, ಅರ್ಥ ಆಮೇಲೆ. ಏನಾಯಿತು ಎಂಬುದನ್ನು ಪದ್ಯ ಹೇಳಿ ಮುಗಿಸಿರುತ್ತದೆ. ಹೇಗೆ, ಏಕೆ ಎಂಬುದು ಅರ್ಥಧಾರಿಗೆ ಬಿಟ್ಟದ್ದು. ಕೌರವನ ಪಾತ್ರಧಾರಿ ಕೃಷ್ಣನನ್ನು ವಾದದಲ್ಲಿ ಹೊಡೆದು ಹಾಕಿದರೂ ಸಂಧಾನ ಮುರಿದ ಪಾಪ ಕೌರವನದೇ. ಮಾತಿನ ಮಲ್ಲರ ನಡುವೆ ಕೂತ ಮಾಸ್ತರನೊಬ್ಬನೂ ರಾಮನಾಗಿ ಉಳಿಯುವುದು ಈ ಏರ್ಪಾಡಿನಿಂದ. ನಮ್ಮ ಪಕ್ಷದವರು ಪದ್ಯವನ್ನು ಕಿತ್ತು ಹಾಕಿ ಅರ್ಥವನ್ನಷ್ಟೇ ಉಳಿಸಿಕೊಂಡಿದ್ದೆವು. ಅಂಥ ಮೇಜಿನಲ್ಲಿ ಗೆಲ್ಲುವುದು ಪಾತ್ರವಲ್ಲ, ಬಾಯಿ. ಹಾಳೆಯಲ್ಲಿ ವಾಕ್ಚಾತುರ್ಯಕ್ಕೆ 5 ಬರೆದುಕೊಂಡು ಆ ಅಂಕಗಳನ್ನು ತೋಳ್ಬಲಕ್ಕೆ ಹಾಕಿಕೊಂಡ ವಕೀಲ, ಎರಡನ್ನೂ ಗೆಲ್ಲುತ್ತಾನೆ. ತೊದಲುವ ಹುಡುಗ ಹಾಳೆಯಲ್ಲಿ 18 ಬರೆದುಕೊಂಡರೂ ತೊದಲುವ ಹುಡುಗನಾಗಿಯೇ ಇರುತ್ತಾನೆ.

ನಿಯಮ ಕಡಿಮೆಯಿದ್ದಷ್ಟೂ ಸ್ವಾತಂತ್ರ್ಯ ಹೆಚ್ಚು ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಯಾರ ಸ್ವಾತಂತ್ರ್ಯ? ಹೆಂಡತಿಯ ತವರು ಮೈಸೂರು. ಅವರ ಮನೆಯಲ್ಲಿ ಚೌಕಾಬಾರ ಆಡಲು ಕೂತರೆ ನಿಯಮ ಏನೆಂದು ಅತ್ತೆ ಹೇಳಬೇಕು. ಕಾಯಿ ಹೊಡೆದರೆ ಇನ್ನೊಂದು ಸಲ ಕವಡೆ ಹಾಕಬಹುದೆ? "ನಮ್ಮನೇಲಿ ಉಂಟು." ಅವರ ಕಾಯಿ ಹೊಡೆದರೆ? "ಅದು ಬೇರೆ." (ಆಟಗಳ ನಿಯಮವನ್ನು ಬರೆದಿಡುವ ಹಟ ಹಿಡಿದವರೂ ಅದೇ ಊರಿನವರು ಎನ್ನುವುದು ತಮಾಷೆ: ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು.) ಅತ್ತೆಯ ಮೇಲೆ ನನಗೆ ದೂರಿಲ್ಲ, ಅವರ ಜೊತೆ ಆಡುವುದು ಖುಷಿ. ಆದರೆ ಬರೆದ ನಿಯಮವಿಲ್ಲದ ಮನೆಯಲ್ಲಿ ಹಿರಿಯರ ಮಾತೇ ನಿಯಮ. ಆರ್‌ಪಿಜಿಯಲ್ಲಿ ಆ ಹಿರಿಯ, ಆಟ ನಡೆಸುವವನು.

ಹಾಗಾದರೆ ಒಳ್ಳೆಯ ಮಾತಿನ ನಿಯಮ ಯಾವುದು? ನಾಲ್ಕು ತಿಂಗಳು ಕಪಾಟಿನ ಪುಸ್ತಕಗಳನ್ನು ಈ ಒಂದೇ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿದೆ. ಎಲ್ಲದರ ಬಗ್ಗೆ ಬರೆಯುವುದಿಲ್ಲ.

ಲ್ಯೂಕ್ ಕ್ರೇನ್‌ರ 'ಬರ್ನಿಂಗ್ ವೀಲ್' 2002ರಲ್ಲಿ ಬಂದದ್ದು. ಅದರಲ್ಲಿ 'ಡ್ಯೂಯೆಲ್ ಆಫ್ ವಿಟ್ಸ್' ಎಂಬ ಮಾತಿನ ಮಲ್ಲಯುದ್ಧವಿದೆ. ವಾದಕ್ಕಿಳಿಯುವ ಮೊದಲು ಇಬ್ಬರೂ ಗೆದ್ದರೆ ತಮಗೇನು ಬೇಕೆಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಮುಂದಿನ ಮೂರು ಪಟ್ಟುಗಳನ್ನು ಗುಟ್ಟಾಗಿ ಬರೆದಿಡಬೇಕು: ನೇರ ವಾದ, ಖಂಡನೆ, ಮರೆಮಾಚುವಿಕೆ, ಕೆಣಕು ಇತ್ಯಾದಿ. ಎರಡನ್ನೂ ಒಟ್ಟಿಗೆ ಬಿಚ್ಚಿ ದಾಳ ಉರುಳಿಸುತ್ತಾರೆ. ಗೆದ್ದವನು ಗೆಲ್ಲುವ ದಾರಿಯಲ್ಲಿ ಎಷ್ಟು ಪೆಟ್ಟು ತಿಂದಿದ್ದಾನೋ ಅಷ್ಟರ ಮಟ್ಟಿಗೆ ಸೋತವನಿಗೆ ರಾಜಿ ಬಿಟ್ಟುಕೊಡಬೇಕು. ಈ ಕೊನೆಯ ಭಾಗ ಬಹಳ ಚೆಂದ. ಪೂರ್ತಿ ಗೆಲುವೆಂಬುದು ಸಿಗುವುದೇ ಅಪರೂಪ. ಆದರೆ ಅದನ್ನು ಆಡಿಸಿ ನೋಡಿದರೆ ಮಕ್ಕಳು ಪಟ್ಟುಗಳ ಲೆಕ್ಕದಲ್ಲಿ ಮುಳುಗಿ ವಾದವನ್ನೇ ಮರೆತರು. ಚದುರಂಗವಾಯಿತು, ಸಂವಾದವಾಗಲಿಲ್ಲ. ಅದರಿಂದ ನಾನು ಉಳಿಸಿಕೊಂಡದ್ದು ಒಂದೇ: ದಾಳ ಮುಟ್ಟುವ ಮೊದಲು ಏನು ಬೇಕೆಂದು ಹೇಳಬೇಕು.

ವಿನ್ಸೆಂಟ್ ಮತ್ತು ಮೆಗ್ವಿ ಬೇಕರ್ ದಂಪತಿಯ 'ಅಪಾಕಲಿಪ್ಸ್ ವರ್ಲ್ಡ್' (2010) ಇನ್ನಷ್ಟು ಜಾಣ ಆಟ. ಅಲ್ಲಿ ಒಬ್ಬ ಆಟಗಾರ ಇನ್ನೊಬ್ಬ ಆಟಗಾರನ ಪಾತ್ರವನ್ನು ಒಪ್ಪಿಸಲು ದಾಳ ಹಾಕಿ ಗೆದ್ದರೂ ಎದುರಿನವನು ಒಪ್ಪಲೇಬೇಕೆಂದಿಲ್ಲ. ಒಪ್ಪಿದರೆ ಅವನಿಗೊಂದು ಲಾಭ, ಒಪ್ಪದಿದ್ದರೆ ಒಂದು ಅಪಾಯ, ತೀರ್ಮಾನ ಅವನದೇ. ಮನುಷ್ಯನನ್ನು ಮಾತಿನಿಂದ ಗೆಲ್ಲುವುದೆಂದರೆ ಹೀಗೇ ಅಲ್ಲವೆ? ಡಿಪ್ಲೊಮಸಿ ಕೋಷ್ಟಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದು ದಶಕದಲ್ಲಿ ಈ ಕಲೆ ಎಷ್ಟು ದೂರ ಬಂತೆಂದು ಗೊತ್ತಾಗುತ್ತದೆ.

ಆದರೆ ನಮ್ಮ ಕಿಷ್ಕಿಂಧೆಗೆ ಒಗ್ಗಿದ್ದು ಇವೆರಡಕ್ಕಿಂತ ಹಳೆಯದಾದ 'ಪೆಂಡ್ರಾಗನ್'. ಆರ್ಥರ್ ರಾಜನ ವೀರರ ಆಟ. ಅದರಲ್ಲಿ ಗುಣಗಳಿಗೆ ಅಂಕಿಯಿದೆ, ಜೋಡಿಯಾಗಿ: ನ್ಯಾಯ–ಸ್ವೇಚ್ಛೆ, ಔದಾರ್ಯ–ಸ್ವಾರ್ಥ, ವಿನಯ–ಅಹಂಕಾರ, ಕ್ಷಮೆ–ಸೇಡು, ಹೀಗೆ ಹದಿಮೂರು ಜೋಡಿ. ಪ್ರತಿ ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಯಾವುದಾದರೂ ಗುಣ 16ಕ್ಕೆ ಮುಟ್ಟಿದರೆ ಅದು ಲೋಕಕ್ಕೆ ಗೊತ್ತಾದ ಗುಣ. ಪರೀಕ್ಷೆಯ ಹೊತ್ತಿನಲ್ಲಿ ಆ ಗುಣದ ಮೇಲೆ ದಾಳ ಹಾಕಲೇಬೇಕು, ಬಿದ್ದಂತೆ ನಡೆಯಬೇಕು. ನನ್ನ ಪಾತ್ರ ಏನು ಮಾಡಬೇಕೆಂದು ದಾಳ ಹೇಳುವುದೇ ಎಂದು ಸಿಟ್ಟಾಗುವ ಆಟಗಾರರಿದ್ದಾರೆ. ನಾನೂ ಆಗಿದ್ದೆ. ಈಗ ಅನ್ನಿಸುತ್ತದೆ, ನಮ್ಮ ಪುರಾಣ ಬಲ್ಲವರಿಗೆ ಇದರಷ್ಟು ಸಹಜವಾದ ನಿಯಮ ಇನ್ನೊಂದಿಲ್ಲ. ಕವಚ ಕೇಳಲು ಬಂದವನು ಇಂದ್ರ ಎಂದು ಕರ್ಣನಿಗೆ ಗೊತ್ತಿತ್ತು, ಕೊಟ್ಟರೆ ಸಾವು ಎಂದೂ ಗೊತ್ತಿತ್ತು. ಔದಾರ್ಯ 19 ಇದ್ದವನು ಬೇರೇನು ಮಾಡಬಲ್ಲ? ಗುಣ ಎನ್ನುವುದು ನಾವು ಆರಿಸಿಕೊಳ್ಳುವ ವಸ್ತುವಲ್ಲ, ನಮ್ಮನ್ನು ಹಿಡಿದುಕೊಳ್ಳುವ ವಸ್ತು ಎಂದು ಸ್ಟಾಫರ್ಡ್ ಅಂಕಿಗಳಲ್ಲಿ ಬರೆದಿಟ್ಟರು. ಅವರು 2018ರಲ್ಲಿ ತೀರಿಕೊಂಡರು.

ಆಟ ನಡೆಸುವುದರ ಬಗ್ಗೆಯೂ ಒಂದು ಮಾತು. ಬಹಳ ಜನ ಮುಂದೆ ರಟ್ಟಿನ ಪರದೆ ನಿಲ್ಲಿಸಿಕೊಂಡು ಅದರ ಹಿಂದೆ ದಾಳ ಉರುಳಿಸುತ್ತಾರೆ. ಬಿದ್ದದ್ದು ಇಷ್ಟವಾಗದಿದ್ದರೆ ಬೇರೆ ಅಂಕಿ ಹೇಳುತ್ತಾರೆ. ಕತೆ ಚೆನ್ನಾಗಿ ಬರಲಿ, ಮಕ್ಕಳು ಅಳದಿರಲಿ ಎಂಬ ಸದುದ್ದೇಶ. ನಾನೂ ಮಾಡಿದ್ದೇನೆ. ಅಪ್ಪನಿಗೆ ಬೇಗ ಪದ್ಯ ಎತ್ತಿದ ಭಾಗವತರು ಮಾಡಿದ್ದೂ ಅದೇ ಅಲ್ಲವೆ ಎಂದು ನೀವು ಕೇಳಬಹುದು. ಅಲ್ಲ. ಅವರು ಇಡೀ ಸಭೆಯ ಎದುರಿಗೆ, ಎಲ್ಲರಿಗೂ ಕೇಳುವಂತೆ, ಪ್ರಸಂಗದಲ್ಲಿದ್ದ ಪದ್ಯವನ್ನೇ ಎತ್ತಿದರು. ಹೊತ್ತನ್ನು ಆರಿಸಿಕೊಂಡರು, ಫಲವನ್ನು ಬದಲಿಸಲಿಲ್ಲ. ಪರದೆಯ ಹಿಂದಿನ ದಯೆ ಬೇರೆ. ಅದಕ್ಕೆ ಋಣಿಯಾಗಿರಬೇಕೆಂದು ಮಗುವಿಗೆ ಗೊತ್ತಾಗುವುದಿಲ್ಲ, ಬೇಡವೆಂದು ಹೇಳುವ ಹಾಗೂ ಇಲ್ಲ. ನಮ್ಮ ಮನೆಯ ಪರದೆ ಈಗ ಗ್ಯಾರೇಜಿನಲ್ಲಿದೆ.

ಮಾರ್ಚಿನಲ್ಲಿ ಮಕ್ಕಳನ್ನು ಕೂರಿಸಿ ಹೊಸ ಕ್ರಮ ಹೇಳಿದೆ. ಏನು ಬೇಕೆಂದು ಒಂದು ವಾಕ್ಯದಲ್ಲಿ ಹೇಳಿ, ಕನ್ನಡವೋ ಇಂಗ್ಲಿಷೋ ಎರಡೂ ಕಲಸಿದ್ದೋ. ಆಮೇಲೆ ದಾಳ. ದಾಳ ಬಿದ್ದ ಮೇಲೆ, ಇಷ್ಟವಿದ್ದವರು ಅದಕ್ಕೆ ಅರ್ಥ ಹೇಳಿ. ಪದ್ಯ ಮೊದಲು, ಅರ್ಥ ಆಮೇಲೆ. ಪರಿಣಾಮ ಗೊತ್ತಾದ ಮೇಲೆ ಮಾತಾಡುವುದು ಎಷ್ಟು ಹಗುರ ಎಂಬುದನ್ನು ನಾನು ಅಂದಾಜು ಮಾಡಿರಲಿಲ್ಲ. ಸೋಲುವ ಭಯವಿಲ್ಲ, ಸೋತಾಗಿದೆ ಅಥವಾ ಗೆದ್ದಾಗಿದೆ. ಮಾತು ಪರೀಕ್ಷೆಯಾಗಿ ಉಳಿಯಲಿಲ್ಲ. ಸುಗ್ರೀವನಾಗಿ ಆಡುವ ಹುಡುಗ, ತರಗತಿಯಲ್ಲಿ ಒತ್ತಕ್ಷರ ಕಂಡರೆ ಓಡುವವನು, ಒಂದು ದಿನ 20 ಬಿದ್ದು ಕೆಟ್ಟದಾಗಿ ಸೋತು, ಹನುಮಂತನಿಗೆ ಹೇಳಬೇಕಾದ್ದನ್ನೆಲ್ಲ ತಲೆಕೆಳಗು ಮಾಡಿ ಎರಡು ನಿಮಿಷ ಕನ್ನಡದಲ್ಲಿ ಬಡಬಡಿಸಿದ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಎಲ್ಲರಿಗೂ ಸರಿಬರಲಿಲ್ಲ. ಹನುಮಂತನ ಪಾತ್ರದ ಹುಡುಗಿ ಶಾಲೆಯ ಡಿಬೇಟ್ ತಂಡದಲ್ಲಿದ್ದಾಳೆ. "ಅಂಕಲ್, ನನ್ನ ಪಾಯಿಂಟ್ ಅಷ್ಟು ಚೆನ್ನಾಗಿತ್ತು, 17 ಬಿತ್ತು ಅಂತ ವೇಸ್ಟಾ?" ಎಂದಳು. ಅವಳ ಸಿಟ್ಟು ನ್ಯಾಯವೇ. ಯುಕ್ತಿಗೂ ಮಾತಿನ ಓಟಕ್ಕೂ ವ್ಯತ್ಯಾಸ ಮಾಡಿದೆ: ಎದುರಿನವನಿಗೆ ನಾಟುವ ಕಾರಣವೊಂದನ್ನು ಹುಡುಕಿ ತಂದರೆ ಐದು ಅಂಕ ಹೆಚ್ಚುವರಿ, ಅದನ್ನು ತೊದಲಿ ಹೇಳಿದರೂ ಅಷ್ಟೇ, ನಿರರ್ಗಳವಾಗಿ ಹೇಳಿದರೂ ಅಷ್ಟೇ. ಅವಳು ಅರ್ಧ ಒಪ್ಪಿದ್ದಾಳೆ. ಚೆನ್ನಾಗಿ ಮಾತಾಡುವವರಿಗೆ ಈ ಮೇಜಿನಲ್ಲಿ ಸ್ವಲ್ಪ ಅನ್ಯಾಯವಾಗುತ್ತದೆ. ಅವರಿಗೆ ಬೇರೆ ಮೇಜುಗಳು ಬೇಕಾದಷ್ಟಿವೆ.

ಏಪ್ರಿಲ್ ಕೊನೆಯಲ್ಲಿ ಮಗಳು ವಾಲಿಯ ಸಾವನ್ನು ಇನ್ನೊಮ್ಮೆ ಆಡಬೇಕೆಂದಳು. ಆಡಿ ಮುಗಿದ ಸನ್ನಿವೇಶಕ್ಕೆ ಮರಳುವುದಿಲ್ಲ ಎಂಬುದು ನನ್ನ ಹಳೆಯ ಕಟ್ಟಳೆ. ಬಾಯಿ ತೆರೆದು ಮುಚ್ಚಿದೆ. ಅತ್ತೆ ಆರು ತಿಂಗಳಿಗೆಂದು ಬಂದಿದ್ದರು, ಸೋಫಾದಲ್ಲಿ ಕೂತು ಹೂಕೋಸು ಬಿಡಿಸುತ್ತಿದ್ದರು. ವಾಲಿ ಬಿದ್ದ. ಏನು ಬೇಕೆಂದು ಕೇಳಿದೆ.

"ರಾಮ ಸಾರಿ ಹೇಳ್ಬೇಕು."

"ರಾಮ ಹಾಗೆ ಹೇಳುವುದಿಲ್ಲ ಮಗಾ. ಅವನ ಕಡೆ ಕಾರಣಗಳಿವೆ" ಎಂದು ನಾನು ಶುರು ಮಾಡಿದೆ. ಹೇಳುತ್ತ ಹೋದೆ ಎಂದು ಕಾಣುತ್ತದೆ. ಅವಳು ನನ್ನ ಮಾತು ಮುಗಿಯುವವರೆಗೆ ಕಾಯಲಿಲ್ಲ. ನನ್ನ ಮುಂದಿದ್ದ ರಾಮನ ಹಾಳೆಯನ್ನು ತನ್ನ ಕಡೆ ತಿರುಗಿಸಿ ಬೆರಳಿಟ್ಟಳು.

"ನ್ಯಾಯ, 18. ನೀವೇ ಬರ್ದಿದ್ದು ಅಪ್ಪ. ಸಿಕ್ಸ್‌ಟೀನ್‌ಗಿಂತ ಜಾಸ್ತಿ ಇದ್ರೆ ರೋಲ್ ಮಾಡ್ಲೇಬೇಕು."

ದಾಳವನ್ನು ನನ್ನ ಕೈಗೆ ಕೊಟ್ಟಳು. ಪರದೆಯಿಲ್ಲದ ಮೇಜಿನ ನಡುವೆ ಉರುಳಿಸಿದೆ. 11. ರಾಮ ತನ್ನ ನ್ಯಾಯಕ್ಕೆ ಸಿಕ್ಕಿಬಿದ್ದ. ಇನ್ನು ಅರ್ಥ ಹೇಳಬೇಕಾದವನು ನಾನು. ವಾಲಿವಧೆಯ ರಾಮನಿಗೆ ಎಷ್ಟು ಸಮರ್ಥನೆಗಳಿವೆಯೋ ಅಷ್ಟೂ ನನಗೆ ಬಾಯಿಪಾಠ. ತಪ್ಪೊಪ್ಪಿಕೊಳ್ಳುವ ರಾಮನಿಗೆ ಒಂದು ವಾಕ್ಯವೂ ಹೊಳೆಯಲಿಲ್ಲ. ಮಕ್ಕಳು ಕಾದರು. ಈ ಸಲ ಯಾರೂ ಬಟ್ಟಲು ನೋಡಲಿಲ್ಲ, ನನ್ನನ್ನೇ ನೋಡಿದರು.

"ತಪ್ಪಾಯಿತು ವಾಲಿ" ಎಂದೆ. "ಎದುರಿಗೆ ಬರಬೇಕಿತ್ತು. ನಿನ್ನ ಮಾತು ಕೇಳಬೇಕಿತ್ತು." ಅದಕ್ಕಿಂತ ಹೆಚ್ಚು ಬರಲಿಲ್ಲ.

ಸೋಫಾದಿಂದ ಅತ್ತೆ ಕೇಳಿದರು, "ಇದು ಯಾವ ರಾಮಾಯಣದಲ್ಲಿ ಬರತ್ತೆ?" ನಾನು ಉತ್ತರ ಹುಡುಕುವಷ್ಟರಲ್ಲಿ ಮಗಳು ದಾಳವನ್ನು ವಾಪಸು ತೆಗೆದುಕೊಂಡು, ಅಂಗದನನ್ನು ಇನ್ನು ಯಾರು ಆಡಬೇಕೆಂದು ಉಳಿದವರ ಜೊತೆ ಜಗಳ ತೆಗೆದಿದ್ದಳು.